ಚೆಲ್ಲೋ ಅಂದ್ರೆ ಚಲೋ ಅಂತ ಅಲ್ಲ

ಹೋದ ತಿಂಗಳ ಅಂಕಣದ ಕೊನೆಗೆ ಸುಮ್ನೆ ಒಂದು ಮಾತು ಬರೆದಿದ್ದೆ. ಮುಂಬೈ ಬಿಟ್ಟು ಕಲಬುರಗಿಗೆ ವಾಪಸ್ ಬಂದು ಒಂಬತ್ತು ವರ್ಷ ಆಯಿತು, ಇವತ್ತಿಗೂ ಬೆಳಿಗ್ಗೆ ಚೆಲ್ಲೋ ತೆಗೆದು ಕೂತರೆ ಮೊದಲು ನೆನಪಾಗುವುದು ಆ ವಾದ್ಯದ ದೊಡ್ಡ ವಾದಕ ಪಾಬ್ಲೊ ಕಸಾಲ್ಸ್ ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ! ಕೆಲವರಿಗೆ ವಾದ್ಯದ ಬಗ್ಗೆ ಕುತೂಹಲ, ಕೆಲವರಿಗೆ ಆ ಮನುಷ್ಯನ ಬಗ್ಗೆ, ಒಬ್ಬರಿಗೆ ನನ್ನ ಬುದ್ಧಿಯ ಬಗ್ಗೆಯೇ ಅನುಮಾನ. ಈ ಸಲದ ಅಂಕಣ ಪೂರ್ತಿ ಇದಕ್ಕೇ. ಹಾರ್ಮೋನಿಯಂ ರಿಪೇರಿ ಬಗ್ಗೆ ಕೇಳಿದವರು ಒಂದು ತಿಂಗಳು ತಾಳಿಕೊಳ್ಳಿ.

ಅಕ್ಕಾರ, ಚೆಲ್ಲೋ ಅಂದ್ರೆ ಏನು? ನಿಮ್ಮ ಅಂಕಣ ಜೋರಾಗಿ ಓದಿದೆ, ನಮ್ಮವ್ವ ಒಳಗಿಂದ 'ಯಾರು ಏನು ಚೆಲ್ಲಿದ್ರು?' ಅಂತ ಓಡಿ ಬಂದಳು.
— ಕಾಲೇಜು ವಿದ್ಯಾರ್ಥಿನಿ, ಶಹಾಬಾದ್

ನಿಮ್ಮವ್ವನ ತಪ್ಪೇನಿಲ್ಲ. ನಮ್ಮ ಓಣಿಯ ಅಜ್ಜ ಒಬ್ಬರಿಗೆ ಅದು ಬೇರೆ ಥರ ಕೇಳಿಸಿತ್ತು. 'ಹೆಸರೇ ಚಲೋ ಅದ ಬಿಡವ್ವ, ಅಂದಮ್ಯಾಲೆ ವಾದ್ಯನೂ ಚಲೋನೇ ಇರ್ತದ' ಅಂದಿದ್ದರು. ಹೆಸರು ಇಟಲಿಯದು. ಪೂರ್ತಿ ಹೇಳಿದರೆ ವಯೊಲೊನ್‌ಚೆಲ್ಲೋ, ನುಡಿಸುವವರು ಬಾಲ ಮಾತ್ರ ಉಳಿಸಿಕೊಂಡಿದ್ದಾರೆ.

ವಯೊಲಿನ್ ಮನೆತನದ ವಾದ್ಯ, ಆದರೆ ಆಳೆತ್ತರಕ್ಕೆ ಸ್ವಲ್ಪ ಕಡಿಮೆ. ಬುಡದಿಂದ ತಲೆಯವರೆಗೆ ಸುಮಾರು ನಾಲ್ಕು ಅಡಿ ಇರುತ್ತದೆ. ಇದನ್ನು ಗದ್ದದ ಕೆಳಗೆ ಇಟ್ಟುಕೊಳ್ಳಲು ಭೀಮಸೇನನೇ ಬರಬೇಕು. ಕುರ್ಚಿಯ ತುದಿಗೆ ಕೂತು, ಮೊಣಕಾಲುಗಳ ನಡುವೆ ನಿಲ್ಲಿಸಿ, ಎದೆಗೆ ಒರಗಿಸಿಕೊಂಡು ಕಮಾನಿನಿಂದ ನುಡಿಸುವುದು. ನಾಲ್ಕೇ ತಂತಿ. ಎಲ್ಲಕ್ಕಿಂತ ದಪ್ಪ ತಂತಿಯನ್ನು ಸಾ ಅಂದುಕೊಂಡರೆ ಪಕ್ಕದ್ದು ಪ, ಆ ಪ-ವನ್ನೇ ಸಾ ಮಾಡಿಕೊಂಡರೆ ಅದರ ಪಕ್ಕದ್ದು ಮತ್ತೆ ಪ, ಹೀಗೆ ಶ್ರುತಿ. ದಪ್ಪ ತಂತಿಯಲ್ಲಿ ಗಂಡಸರ ಖರಜ್, ತೆಳು ತಂತಿಯಲ್ಲಿ ಮೇಲೆ ಮೇಲೆ ಹೋದರೆ ಹೆಂಗಸಿನ ದನಿ. ಮನುಷ್ಯರ ಗಂಟಲಿನ ಹರವು ಬಹುಪಾಲು ಇದರೊಳಗೆ ಬಂತು. ಹಾಡಿದ ಹಾಗೆ ಕೇಳುತ್ತದೆ ಅಂತ ಎಲ್ಲರೂ ಹೇಳುವುದು ಅದಕ್ಕೇ.

ನಿಮ್ಮೂರಿನ ಬಗ್ಗೆಯೂ ಒಂದು ದೂರು ಇದೆ ನನಗೆ. ಚೆಲ್ಲೋದ ತಳದಲ್ಲಿ ನೆಲಕ್ಕೆ ಊರಲು ಒಂದು ಚೂಪು ಸರಳು ಇರುತ್ತದೆ. 19ನೇ ಶತಮಾನದಲ್ಲಿ ಬೆಲ್ಜಿಯಂನ ಸೆರ್ವೇ ಎಂಬ ವಾದಕ ಅದನ್ನು ರೂಢಿಗೆ ತಂದ ಅನ್ನುತ್ತಾರೆ, ಅದಕ್ಕೂ ಮುಂಚೆ ಪಾಪ ಮೀನಖಂಡದಲ್ಲಿ ಅದುಮಿ ಹಿಡಿದು ನುಡಿಸುತ್ತಿದ್ದರು. ಪರದೇಶದಲ್ಲಿ ಮರದ ನೆಲ, ಚುಚ್ಚಿದರೆ ನಿಲ್ಲುತ್ತದೆ. ನಮ್ಮಲ್ಲಿ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು! ಎರಡು ಸ್ವರ ನುಡಿಸುವಷ್ಟರಲ್ಲಿ ವಾದ್ಯ ಸರ್ರನೆ ಬಾಗಿಲ ಕಡೆ ಹೊರಡುತ್ತದೆ. ಕೊನೆಗೆ ನಮ್ಮಪ್ಪನ ಹಳೆಯ ಬೆಲ್ಟ್‌ನ ಒಂದು ತುದಿ ಕುರ್ಚಿಯ ಕಾಲಿಗೆ ಕಟ್ಟಿ, ಬಕ್ಕಲ್‌ನ ತೂತಿನಲ್ಲಿ ಸರಳು ಸಿಗಿಸಿದೆ. ಒಂಬತ್ತು ವರ್ಷದಿಂದ ಅದೇ ಬೆಲ್ಟು.

ಈ ಕಸಾಲ್ಸ್ ಯಾರ ಮಗ, ಯಾರ ಹತ್ತಿರ ಕಲಿತ, ಅಂಥದ್ದೇನು ಮಾಡಿದ? ಮಕ್ಕಳಿಗೆ ಹೇಳುವ ಹಾಗೆ ಹೇಳಿ.
— ಪ್ರಾಥಮಿಕ ಶಾಲೆ ಮೇಷ್ಟ್ರು, ಸುರಪುರ

ಯಾರ ಮಗ ಅಂತ ಕೇಳಿದಿರಲ್ಲ ಸರ್, ಕಥೆ ಅಲ್ಲಿಂದಲೇ ಶುರು. (ಏಕವಚನ ಪ್ರೀತಿಗೆ, ಕ್ಷಮಿಸಿ.) ಸ್ಪೇನ್ ದೇಶದ ಕತಲೋನಿಯಾ ಸೀಮೆಯಲ್ಲಿ ಎಲ್ ವೆಂದ್ರೆಲ್ ಅಂತ ಒಂದು ಊರು. 1876ರ ಡಿಸೆಂಬರ್ 29ರಂದು ಅಲ್ಲಿ ಹುಟ್ಟಿದ. ಅಪ್ಪ ಚರ್ಚಿನಲ್ಲಿ ಆರ್ಗನ್ ನುಡಿಸುವವರು, ಸಂಪಾದನೆ ಅಷ್ಟಕ್ಕಷ್ಟೇ. ಊರಿಗೆ ಬಂದ ಅಲೆಮಾರಿ ವಾದ್ಯದವರಲ್ಲಿ ಒಬ್ಬ ಕಸಬರಿಗೆಯ ಕೋಲಿಗೆ ತಂತಿ ಕಟ್ಟಿ ನುಡಿಸುವುದನ್ನು ಕಂಡು ಹುಡುಗ ಅಂಥದ್ದೇ ಬೇಕು ಅಂತ ಹಠ ಹಿಡಿದ. ಅಪ್ಪ ಒಂದು ಒಣಗಿದ ಸೋರೆ ಬುರುಡೆ ಹುಡುಕಿ, ಅದಕ್ಕೆ ತಂತಿ ಕಟ್ಟಿಸಿ ಕೊಟ್ಟರು. ಅದೇ ಅವನ ಮೊದಲ 'ಚೆಲ್ಲೋ'.

ಸೋರೆ ಬುರುಡೆ, ಒಂದು ತಂತಿ. ನಿಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಕೋಳ ಮಡಿವಾಳಪ್ಪನವರ ಪದ ಹಾಡುವವರ ಕೈಯಲ್ಲಿ ಏಕತಾರಿ ನೋಡೇ ಇರುತ್ತಾರೆ. ಈ ಸಂಗತಿ ಮೊದಲ ಸಲ ಓದಿದಾಗ ನಾನು ಮುಂಬೈಯಲ್ಲಿದ್ದೆ, ಊರು ನೆನಪಾಗಿ ಅವತ್ತು ರಿಯಾಜ್ ಆಗಲೇ ಇಲ್ಲ.

ನಿಜವಾದ ಚೆಲ್ಲೋ ಕೇಳಿದ್ದು ಹನ್ನೊಂದನೇ ವಯಸ್ಸಿಗೆ. ಅಪ್ಪನಿಗೆ ಮಾತ್ರ ಮಗನನ್ನು ಬಡಿಗತನಕ್ಕೆ ಹಚ್ಚುವ ಯೋಚನೆ. ಸಂಗೀತದಿಂದ ಹೊಟ್ಟೆ ತುಂಬುವುದಿಲ್ಲ ಅನ್ನುವುದು ಅವರ ಸ್ವಂತ ಅನುಭವ. ತಾಯಿ ಒಪ್ಪಲಿಲ್ಲ. ಮಗನನ್ನು ಕರೆದುಕೊಂಡು ಬಾರ್ಸಿಲೋನಾಕ್ಕೆ ಹೋಗಿ ಅಲ್ಲಿನ ಸಂಗೀತ ಶಾಲೆಗೆ ಸೇರಿಸಿದಳು. ಹುಡುಗ ಹಗಲು ಪಾಠ, ಸಂಜೆ ಒಂದು ಕೆಫೆಯಲ್ಲಿ ನುಡಿಸಿ ನಾಲ್ಕು ಕಾಸು.

ಅಲ್ಲಿ ಕಮಾನು ಹಿಡಿಯುವ ಪಾಠ ಹೇಗಿತ್ತು ಗೊತ್ತಾ? ಬಲಗೈ ಕಂಕುಳಲ್ಲಿ ಒಂದು ಪುಸ್ತಕ ಇಟ್ಟುಕೊಳ್ಳಬೇಕು, ಅದು ಬೀಳದ ಹಾಗೆ ನುಡಿಸಬೇಕು. ಮೊಣಕೈ ಮೈಗೆ ಅಂಟಿಕೊಂಡೇ ಇರಲಿ ಅಂತ. ಹುಡುಗನಿಗೆ ಇದು ತಿಕ್ಕಲು ಅನ್ನಿಸಿತು. ತೋಳು ಬಿಚ್ಚಿ ನುಡಿಸಿದ. ಎಡಗೈ ಬೆರಳುಗಳನ್ನು ಚಾಚಿ, ಕೈಯನ್ನು ಪದೇ ಪದೇ ಮೇಲೆ ಕೆಳಗೆ ಜಾರಿಸುವುದನ್ನು ಕಡಿಮೆ ಮಾಡಿದ. ಇವತ್ತು ಲೋಕದಲ್ಲಿ ಯಾರೇ ಚೆಲ್ಲೋ ಕಲಿತರೂ ಆ ಹುಡುಗ ಮಾಡಿದ ಬದಲಾವಣೆಯ ಮೇಲೆಯೇ ಕಲಿಯುತ್ತಾರೆ.

1890ರಲ್ಲಿ, ಹದಿಮೂರರ ಹುಡುಗ, ಅಪ್ಪನ ಜೊತೆ ಬಾರ್ಸಿಲೋನಾದ ಒಂದು ಹಳೇ ಸ್ವರಲಿಪಿ ಮಾರುವ ಅಂಗಡಿಗೆ ಹೋದ. ನಮ್ಮ ಸೂಪರ್ ಮಾರ್ಕೆಟ್ ಕಡೆ ಹಳೇ ಗೈಡುಗಳ ರಾಶಿ ಕೆದಕುವುದಿಲ್ಲವೇ, ಹಾಗೆ ಕೆದಕುವಾಗ ಕೈಗೆ ಒಂದು ಕಟ್ಟು ಸಿಕ್ಕಿತು. ಜರ್ಮನಿಯ ಸಂಗೀತ ರಚನೆಕಾರ ಬಾಖ್ ಒಂಟಿ ಚೆಲ್ಲೋಗೆ ಬರೆದ ಆರು ಸ್ವೀಟುಗಳು (ತಿನ್ನುವುದಲ್ಲ, ಕುಣಿತದ ತುಣುಕುಗಳನ್ನು ಪೋಣಿಸಿದ ಮಾಲೆ). 1720ರ ಆಸುಪಾಸಿನ ರಚನೆ. ಬಾಖ್‌ನ ಸ್ವಂತ ಕೈಬರಹ ಕಳೆದೇ ಹೋಗಿದೆ, ಅವನ ಹೆಂಡತಿ ಅನ್ನಾ ಮಗ್ದಲೀನಾ ನಕಲು ಮಾಡಿಟ್ಟದ್ದು ಉಳಿದಿದೆ. ಆಗಿನ ವಾದಕರಿಗೆ ಇವು ಬೆರಳು ಪಳಗಿಸುವ ಪಾಠ ಅಷ್ಟೇ, ನಾವು ಅಲಂಕಾರ ತಿದ್ದುವ ಹಾಗೆ. ಕಚೇರಿಯಲ್ಲಿ ನುಡಿಸಿದರೂ ಒಂದು ತುಣುಕು ಮಾತ್ರ.

ಹುಡುಗ ಅದನ್ನು ಮನೆಗೆ ತಂದು ಸಾಧನೆಗೆ ಕೂತ. ಒಂದು ವರ್ಷ ಅಲ್ಲ, ಎರಡಲ್ಲ, ಹನ್ನೆರಡು ಹದಿಮೂರು ವರ್ಷ! ಅಷ್ಟಾದ ಮೇಲೇ ಜನರ ಮುಂದೆ ನುಡಿಸಿದ್ದು. ರೆಕಾರ್ಡ್ ಮಾಡಲು ಒಪ್ಪಿದ್ದು ಇನ್ನೂ ತಡವಾಗಿ, 1936ರಿಂದ 1939ರ ನಡುವೆ, ಆಗ ಅವನಿಗೆ ಅರವತ್ತು. ಇವತ್ತು ಮದುವೆ ವಿಡಿಯೋದಿಂದ ಹಿಡಿದು ಜಾಹೀರಾತಿನವರೆಗೂ ಮೊದಲನೇ ಸ್ವೀಟಿನ ಆರಂಭದ ತುಣುಕು ಕೇಳುತ್ತೀವಲ್ಲ, ಆ ಕಟ್ಟಿನ ಧೂಳು ಒರೆಸಿದ್ದು ಅವನೇ.

ಚೆಲ್ಲೋ ಪೆನ್ ಕಂಪನಿಗೂ ಇದಕ್ಕೂ ಏನಾದರೂ ಸಂಬಂಧ?
— ಯಾದಗಿರಿಯಿಂದ ಒಬ್ಬರು

ಅದು ಸೆಲ್ಲೋ, ಇದು ಚೆಲ್ಲೋ. ಇಂಗ್ಲಿಷ್ ಅಕ್ಷರ ಒಂದೇ. ಎರಡೂ ನನ್ನ ಹತ್ತಿರ ಇವೆ, ಪೆನ್ನು ಜಾಸ್ತಿ ಕಳೆದುಹೋಗುತ್ತದೆ.

ಮಗಳಿಗೆ ಒಂಬತ್ತು ವರ್ಷ. ಫೋನಿನಲ್ಲಿ ನೋಡಿ ಚೆಲ್ಲೋನೇ ಬೇಕು ಅಂತ ಕೂತಿದ್ದಾಳೆ. ಅವಳಿಗಿಂತ ವಾದ್ಯವೇ ದೊಡ್ಡದಲ್ವಾ ಮೇಡಮ್? ಇಲ್ಲಿ ಕಲಿಸುವವರೂ ಇಲ್ಲ.
— ಗೃಹಿಣಿ, ಬೀದರ್

ತಾಯಿ, ಮಕ್ಕಳ ಸೈಕಲ್ಲಿನ ಹಾಗೆ ಚೆಲ್ಲೋದಲ್ಲೂ ಸೈಜು ಇವೆ. ಎಂಟನೇ ಒಂದು, ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಒಂಬತ್ತರ ಮಗುವಿಗೆ ಸಾಮಾನ್ಯವಾಗಿ ಅರ್ಧ ಸರಿಹೋಗುತ್ತದೆ, ತೀರಾ ಪುಟ್ಟ ಮೈಕಟ್ಟಾದರೆ ಕಾಲು. ಕುರ್ಚಿ ಮೇಲೆ ಕೂರಿಸಿ ನೋಡಿ. ಪಾದ ಎರಡೂ ನೆಲಕ್ಕೆ ಊರಿರಬೇಕು. ವಾದ್ಯದ ಮೇಲಂಚು ಎದೆಯ ಮೂಳೆಗೆ ತಾಗಬೇಕು. ದಪ್ಪ ತಂತಿಯ ಬಿರಡೆ ಎಡಕಿವಿಯ ಹಿಂದೆ ಹತ್ತಿರದಲ್ಲಿ ಬರಬೇಕು, ತಲೆಗೆ ತಿವಿಯುತ್ತಿದ್ದರೆ ಸೈಜು ತಪ್ಪು. ಬೆಳೆಯುವ ಮಗು, ಇರಲಿ ಅಂತ ದೊಡ್ಡದು ಕೊಡಿಸಬೇಡಿ, ಇದು ಯೂನಿಫಾರ್ಮ್ ಅಲ್ಲ. ಬೆರಳು ಎಳೆದು ನೋವು ಬಂದರೆ ಮಗು ವಾದ್ಯವನ್ನೇ ದ್ವೇಷಿಸುತ್ತದೆ.

ಬೆಲೆ ವಯೊಲಿನ್‌ಗಿಂತ ತುಂಬಾ ಜಾಸ್ತಿ. ಸೈಜು ಬದಲಾದಾಗಲೆಲ್ಲ ಮತ್ತೆ ಖರ್ಚು. ಹಾಗಾಗಿ ನನ್ನ ಸಲಹೆ, ಮೊದಲು ಒಂದು ವರ್ಷ ವಯೊಲಿನ್ ಕಲಿಯಲಿ. ಕಮಾನಿನ ಹದ, ಶ್ರುತಿ ಕೇಳುವ ಕಿವಿ ಎರಡೂ ಅಲ್ಲೇ ಬರುತ್ತವೆ. ಇಲ್ಲ, ನನಗೆ ಕೂತು ನುಡಿಸುವುದೇ ಬೇಕು ಅಂತ ಒಂದು ವರ್ಷದ ನಂತರವೂ ಹಠ ಮಾಡಿದರೆ ನಿಮ್ಮ ಪುಣ್ಯ, ಆಗ ಕೊಡಿಸಿ. ಹೈದರಾಬಾದಿಗೆ ತಿಂಗಳಿಗೆರಡು ಸಲ ಕರೆದುಕೊಂಡು ಹೋಗುವುದು, ಉಳಿದ ವಾರ ವಿಡಿಯೋ ಕರೆಯಲ್ಲಿ ಪಾಠ, ಹೀಗೆ ನಡೆಸುವವರು ಇದ್ದಾರೆ. ಬರೀ ವಿಡಿಯೋ ಮಾತ್ರ ನೋಡಿ ಶುರು ಮಾಡಬೇಡಿ. ಹೆಬ್ಬೆರಳು ಬಿಗಿಯಾಗಿದೆ ಅಂತ ಫೋನು ಹೇಳುವುದಿಲ್ಲ, ಪಕ್ಕದಲ್ಲಿ ಕೂತವರು ಹೇಳಬೇಕು.

ನಮ್ಮ ಕಲಬುರಗಿ ಬಿಸಿಲಿಗೆ ಮನುಷ್ಯರೇ ತಡೆಯಲ್ಲ, ನಿಮ್ಮ ವಾದ್ಯ ಹೇಗೆ ತಡೆಯುತ್ತದೆ?
— ಔಷಧ ಅಂಗಡಿಯವರು, ಕಲಬುರಗಿ

ತಡೆಯಲ್ಲ. ಒಂದು ಸಲ ಮೇ ತಿಂಗಳು, ಹೊರಗೆ 43 ಡಿಗ್ರಿ, ನಾವೆಲ್ಲ ಮನೆಗೆ ಬೀಗ ಹಾಕಿ ಐದು ದಿನ ಮದುವೆಗೆ ಹೋಗಿದ್ದೆವು. ಬಂದು ಪೆಟ್ಟಿಗೆ ತೆಗೆದರೆ ತಂತಿ ಎತ್ತಿ ಹಿಡಿಯುವ ಕುದುರೆ ಅಡ್ಡ ಬಿದ್ದಿದೆ, ತಂತಿ ಸಡಿಲ, ಹೊಟ್ಟೆಯೊಳಗೆ ಏನೋ ಲೊಟಲೊಟ ಅನ್ನುತ್ತಿದೆ. ಮಗ್ಗುಲಿನ ಜೋಡಣೆ ಒಂದು ಗೇಣು ಉದ್ದಕ್ಕೆ ಬಾಯಿ ಬಿಟ್ಟಿದೆ, ಐದು ರೂಪಾಯಿ ನಾಣ್ಯ ತೂರಿಸಬಹುದು. ಅತ್ತುಬಿಟ್ಟೆ.

ಆಮೇಲೆ ತಿಳಿಯಿತು, ಅದು ವಾದ್ಯದ ಜಾಣತನವೇ. ಮುಂಭಾಗಕ್ಕೆ ಸ್ಪ್ರೂಸ್ ಮರ, ಹಿಂದಕ್ಕೆ ಮೇಪಲ್, ಅಂಟಿಸುವುದು ಪ್ರಾಣಿಯ ತೊಗಲು ಕುದಿಸಿ ಮಾಡಿದ ಸರೇಸಿನಿಂದ. ಗಾಳಿ ಒಣಗಿ ಮರ ಬಿಗಿದುಕೊಂಡಾಗ ಮರ ಸೀಳುವ ಮೊದಲು ಆ ಅಂಟು ಬಿಟ್ಟುಕೊಳ್ಳುತ್ತದೆ. ಅಂಟು ಬಿಟ್ಟರೆ ಮತ್ತೆ ಹಚ್ಚಬಹುದು, ಮರ ಸೀಳಿದರೆ ಕಷ್ಟ. ನನಗೆ ಇದು ಗೊತ್ತಾಗುವ ಹೊತ್ತಿಗೆ ವಾದ್ಯ ರಿಪೇರಿ ಮಾಡ್ತೀವಿ ಅಂದ ಒಬ್ಬರು (ಹೆಸರು ಬೇಡ) ಫರ್ನಿಚರಿನ ಬಿಳಿ ಅಂಟು ಸುರಿದು ಕ್ಲಾಂಪ್ ಹಾಕಿಯಾಗಿತ್ತು. ಅದನ್ನು ಕೆರೆದು ತೆಗೆಸಲು ಮುಂಬೈಗೇ ಹೋಗಬೇಕಾಯಿತು, ಮೂಲ ರಿಪೇರಿಯ ಐದು ಪಟ್ಟು ಖರ್ಚು.

ಹೊಟ್ಟೆಯೊಳಗೆ ಲೊಟಗುಡುತ್ತಿದ್ದದ್ದು ಒಂದು ಪುಟ್ಟ ಮರದ ಕಡ್ಡಿ, ಬೆರಳಿಗಿಂತ ಸಣ್ಣ. ಮೇಲಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ ಅಂಟಿಲ್ಲದೆ, ಬರೀ ಒತ್ತಡಕ್ಕೆ ನಿಂತಿರುತ್ತದೆ. ಅದು ಬಿದ್ದರೆ ನಾದವೇ ಇಲ್ಲ. ಇಟಲಿಯವರು ಆ ಕಡ್ಡಿಗೆ ಇಟ್ಟ ಹೆಸರು ಆತ್ಮ.

ಈಗ ನಾನು ಮಾಡುವುದು ಇಷ್ಟು. ಸಾಬೂನಿನ ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು, ಒಳಗೆ ಒದ್ದೆ ಸ್ಪಂಜು ಇಟ್ಟು, ಪೆಟ್ಟಿಗೆಯ ಮೂಲೆಗೆ ಕಟ್ಟುತ್ತೇನೆ. ತೇವ ನೂರಕ್ಕೆ ನಲವತ್ತರಿಂದ ಅರವತ್ತರೊಳಗೆ ಇರಬೇಕು. ಏರ್ ಕೂಲರ್ ಗಾಳಿಗೆ ನೇರ ಇಡುವುದಿಲ್ಲ, ಅದು ಇನ್ನೊಂದು ತುದಿಯ ಅನ್ಯಾಯ. ಮಧ್ಯಾಹ್ನ ಆಟೋದಲ್ಲಿ ಒಯ್ಯುವುದಿಲ್ಲ. ಮಳೆಗಾಲಕ್ಕೆ ಬಿರಡೆ ಊದಿಕೊಂಡು ತಿರುಗುವುದೇ ಇಲ್ಲ, ಅದರ ಕಥೆ ಇನ್ನೊಮ್ಮೆ.

ಕಲಾವಿದರು ರಾಜಕೀಯದಿಂದ ದೂರ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಕಸಾಲ್ಸ್ ಕಚೇರಿ ಬಿಟ್ಟು ಜಗಳಕ್ಕೆ ಕೂತರಂತೆ. ಅದು ಸರಿಯಾ? ನಿಮಗೆ ಅದು ದೊಡ್ಡದಾಗಿ ಕಂಡಿದ್ದು ಹೇಗೆ ಅಂತ ನನಗೆ ಅನುಮಾನ.
— ನಿವೃತ್ತ ನೌಕರರು, ಆಳಂದ

ಜಗಳಕ್ಕೆ ಕೂತಿದ್ದಲ್ಲ ಸರ್, ಸುಮ್ಮನೆ ಕೂತಿದ್ದು. ಅದೇ ಅಧಿಕಾರದಲ್ಲಿದ್ದವರಿಗೆ ಜಾಸ್ತಿ ಚುಚ್ಚಿದ್ದು.

1936ರ ಜುಲೈ 18. ಬಾರ್ಸಿಲೋನಾದಲ್ಲಿ ಕಸಾಲ್ಸ್ ತನ್ನ ವಾದ್ಯವೃಂದದ ಜೊತೆ ಬೀಥೋವನ್‌ನ ಒಂಬತ್ತನೇ ಸಿಂಫನಿಯ ತಾಲೀಮಿನಲ್ಲಿದ್ದ. ಕೊನೆಯ ಭಾಗ ಬಾಕಿ. ಅಷ್ಟರಲ್ಲಿ ಸೈನ್ಯ ದಂಗೆ ಎದ್ದಿದೆ, ಕಚೇರಿ ರದ್ದು, ಎಲ್ಲರೂ ಮನೆಗೆ ಹೋಗಿ ಅಂತ ಸುದ್ದಿ ಬಂತು. ಮತ್ತೆ ಯಾವಾಗ ಸೇರುತ್ತೀವೋ, ಮುಗಿಸಿಯೇ ಹೋಗೋಣವೇ ಅಂತ ಅವನು ಕೇಳಿದ. ಎಲ್ಲರೂ ಹೂಂ ಅಂದರು. ಮನುಷ್ಯರೆಲ್ಲ ಅಣ್ಣತಮ್ಮಂದಿರು ಅಂತ ಹಾಡುವ ಭಾಗ ಅದು. ಹಾಡಿ ಮುಗಿಸಿ, ಅಪ್ಪಿಕೊಂಡು, ಬೀದಿಗೆ ಇಳಿದರು.

ಅಂತರ್ಯುದ್ಧದಲ್ಲಿ ದಂಗೆಕೋರರ ಸೇನಾನಿ ಫ್ರಾಂಕೊ ಗೆದ್ದು ಸರ್ವಾಧಿಕಾರಿಯಾದ. ಕಸಾಲ್ಸ್ ಗಡಿ ದಾಟಿ ಫ್ರಾನ್ಸಿನ ಪ್ರಾದ್ ಅನ್ನುವ ಸಣ್ಣ ಊರಿಗೆ ಬಂದ. ಅವನ ಹಾಗೇ ಓಡಿಬಂದ ಕತಲನ್ ಜನ ಶಿಬಿರಗಳಲ್ಲಿ ತುಂಬಿದ್ದರು. ಅವರಿಗೆ ದುಡ್ಡು, ಬಟ್ಟೆ, ಊಟ ಹೊಂದಿಸುವುದು, ಕೂತು ಪತ್ರ ಬರೆಯುವುದು ಅವನ ಕೆಲಸವಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಿಟ್ಲರ್ ಹೋದ, ಮುಸೊಲಿನಿ ಹೋದ, ಇನ್ನು ಫ್ರಾಂಕೊನನ್ನೂ ಇಳಿಸುತ್ತಾರೆ ಅಂತ ನಂಬಿದ್ದ. 1945ರಲ್ಲಿ ಇಂಗ್ಲೆಂಡಿಗೆ ಹೋಗಿ ನುಡಿಸಿದ. ಆದರೆ ಗೆದ್ದ ದೇಶಗಳಿಗೆ ಫ್ರಾಂಕೊ ಇದ್ದರೂ ನಡೆಯುತ್ತದೆ ಅಂತ ಗೊತ್ತಾಯಿತು. ಅವತ್ತಿನಿಂದ ಜನರ ಮುಂದೆ ಚೆಲ್ಲೋ ಮುಟ್ಟುವುದನ್ನೇ ನಿಲ್ಲಿಸಿದ. ಲೋಕದ ಅತಿ ದೊಡ್ಡ ವಾದಕ, ಎಲ್ಲಿ ಕೂತರೂ ಹಾಲ್ ತುಂಬುತ್ತಿತ್ತು. ಪ್ರಾದ್‌ನಲ್ಲಿ ಒಳಗೇ ಕೂತು ಬಾಖ್ ನುಡಿಸಿಕೊಂಡ.

ಇದಕ್ಕೆ ಬೆಲೆ ಯಾರು ತೆತ್ತದ್ದು? ಮೊದಲು ಅವನೇ. ವಾದಕನ ವಯಸ್ಸು ವ್ಯಾಪಾರದ ಹಾಗಲ್ಲ, ಎಪ್ಪತ್ತರ ಹತ್ತಿರ ಕಳೆದುಕೊಂಡ ವರ್ಷ ವಾಪಸ್ ಬರುವುದಿಲ್ಲ. 1950ರಲ್ಲಿ, ಬಾಖ್ ಸತ್ತು ಇನ್ನೂರು ವರ್ಷ ಆದಾಗ, ನೀನು ಹೊರಗೆ ಬರದಿದ್ದರೆ ನಾವೇ ಬರುತ್ತೀವಿ ಅಂತ ಬೇರೆ ಬೇರೆ ದೇಶದ ಸಂಗೀತಗಾರರು ಪ್ರಾದ್‌ಗೇ ಬಂದರು. ಆಗ ನುಡಿಸಿದ. ಆಮೇಲೆ ತಾಯಿಯ ತವರಾದ ಪೋರ್ಟೊ ರಿಕೊದಲ್ಲಿ ನೆಲೆಸಿದ. 1961ರ ನವೆಂಬರ್ 13ರಂದು ಕೆನಡಿಯ ಮನೆಯಲ್ಲಿ, ಅದೇ ವೈಟ್ ಹೌಸ್‌ನಲ್ಲಿ, ನುಡಿಸಿದ್ದೂ ಹೌದು. ಅಮೆರಿಕ ಫ್ರಾಂಕೊನನ್ನು ಒಪ್ಪಿದ ದೇಶವೇ ಅಲ್ವಾ ಅಂತ ನೀವು ಕೇಳಬಹುದು. ನನಗೂ ಅಲ್ಲಿ ಸ್ವಲ್ಪ ತೊಡಕೇ. ಕೆನಡಿಯ ಮೇಲೆ ಅವನಿಗೆ ಭರವಸೆ ಇತ್ತು, ಅದಕ್ಕೇ ಒಪ್ಪಿಕೊಂಡ. ಮನುಷ್ಯನ ಪಟ್ಟು ಕಲ್ಲಿನ ಕಂಬ ಅಲ್ಲವಲ್ಲ.

1971ರಲ್ಲಿ, ತೊಂಬತ್ನಾಲ್ಕರ ಮುದುಕ, ವಿಶ್ವಸಂಸ್ಥೆಯಲ್ಲಿ ಶಾಂತಿ ಪದಕ ತೆಗೆದುಕೊಂಡು ತನ್ನ ಸೀಮೆಯ ಹಕ್ಕಿಗಳ ಹಾಡು ನುಡಿಸಿದ. ಹೆಸರು ಬೇರೆ ನೋಡಿ, ಕತಲನ್ ಭಾಷೆಯಲ್ಲಿ ಅವನು ಪಾಬ್ಲೊ ಅಲ್ಲ, ಪೌ. ಆ ಭಾಷೆಯಲ್ಲಿ ಪೌ ಅಂದರೆ ಶಾಂತಿ ಅಂತಲೂ ಅರ್ಥ. 1973ರ ಅಕ್ಟೋಬರ್ 22ರಂದು ಸತ್ತ. ಫ್ರಾಂಕೊ ಸತ್ತದ್ದು ಇನ್ನೆರಡು ವರ್ಷ ಬಿಟ್ಟು. ದೇಹವನ್ನು ಊರಿಗೆ ತಂದದ್ದು 1979ರಲ್ಲಿ.

ಸರಿಯಾ ತಪ್ಪಾ ನೀವೇ ಹೇಳಿ ಸರ್. ನನಗೆ ಮಾತ್ರ, ನುಡಿಸದೇ ಇದ್ದ ಆ ವರ್ಷಗಳೂ ಅವನ ಕಚೇರಿಯ ಲೆಕ್ಕಕ್ಕೇ ಸೇರುತ್ತವೆ.

ಬಿದ್ರಿ ಕೆಲಸಕ್ಕೆ ನಮ್ಮ ಕೋಟೆ ಮಣ್ಣೇ ಬೇಕು. ಹಾಗೇ ಸ್ಟ್ರಾಡಿವೇರಿ ವಾದ್ಯಗಳ ವಾರ್ನಿಶ್‌ನಲ್ಲಿ ಏನೋ ಗುಟ್ಟು ಇತ್ತಂತೆ, ನಿಜವಾ?
— ಬಿದ್ರಿ ಕುಶಲಕರ್ಮಿ, ಬೀದರ್

ನಿಮ್ಮ ಮಣ್ಣಿನ ಗುಣ ಕಣ್ಣಿಗೇ ಕಾಣುತ್ತದೆ, ಸತುವಿನ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಸ್ಟ್ರಾಡಿವೇರಿಯ ವಾರ್ನಿಶ್ ಗುಟ್ಟು ಅಷ್ಟು ಗಟ್ಟಿಯಲ್ಲ. ಇಟಲಿಯ ಕ್ರೆಮೋನಾದಲ್ಲಿ ವಯೊಲಿನ್, ಚೆಲ್ಲೋ ಮಾಡುತ್ತಿದ್ದ ಆತ 1737ರಲ್ಲಿ ಸತ್ತ, ಅವನು ಮಾಡಿದ ಚೆಲ್ಲೋಗಳು ಅರವತ್ತರ ಆಸುಪಾಸು ಉಳಿದಿವೆ, ಬೆಲೆ ಕೋಟಿಗಟ್ಟಲೆ. ಆದರೆ 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಪಳಗಿದ ವಾದಕರಿಗೆ ಕಪ್ಪು ಕನ್ನಡಕ ಹಾಕಿಸಿ ಹಳೆಯ ಮತ್ತು ಹೊಸ ವಯೊಲಿನ್ ಕೊಟ್ಟು ನೋಡಿದರು. ಬಹಳ ಜನ ಮೆಚ್ಚಿದ್ದು ಹೊಸದನ್ನೇ. ಕಸಾಲ್ಸ್ ಕೂಡ ಜೀವಮಾನ ಪೂರ್ತಿ ನೆಚ್ಚಿದ್ದು ಸ್ಟ್ರಾಡಿವೇರಿಯನ್ನಲ್ಲ, ವೆನಿಸ್‌ನ ಗೊಫ್ರಿಲ್ಲರ್ ಮಾಡಿದ ಚೆಲ್ಲೋವನ್ನು. ನೀವು ಆ ಮಣ್ಣು ಕಾಪಾಡಿಕೊಳ್ಳಿ.

ಇದನ್ನು ಕಲಿತು ಹೊಟ್ಟೆ ತುಂಬುತ್ತದಾ? ಸುತ್ತಿ ಬಳಸಿ ಹೇಳಬೇಡಿ.
— ಪದವಿ ವಿದ್ಯಾರ್ಥಿ, ಯಾದಗಿರಿ

ಬರೀ ಕಚೇರಿಯಿಂದ ತುಂಬುವುದು ಬಹಳ ಕಡಿಮೆ ಜನಕ್ಕೆ ತಮ್ಮಾ.

ಮುಂಬೈಯಲ್ಲಿ ಹನ್ನೊಂದು ವರ್ಷ ಇದ್ದೆ. ಚರ್ಚಿನ ಕಾರ್ಯಕ್ರಮ, ಹೋಟೆಲಿನ ಸಂಜೆ, ಶ್ರೀಮಂತರ ಮದುವೆ, ಒಂದಷ್ಟು ರೆಕಾರ್ಡಿಂಗ್. ಸಿನಿಮಾ ಹಾಡಿಗೆ ಹಿಂದೆ ಇಪ್ಪತ್ತು ಮೂವತ್ತು ಜನ ತಂತಿವಾದ್ಯದವರು ಕೂರುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಕೀಬೋರ್ಡೇ ಆ ಕೆಲಸ ಮಾಡುತ್ತಿತ್ತು, ಒಂದಿಬ್ಬರನ್ನು ಮೇಲೆ ಸವರಲು ಕರೆಯುತ್ತಿದ್ದರು. ಮುಂಬೈಯ ಎನ್‌ಸಿಪಿಎ ಅನ್ನುವ ಕಲಾ ಕೇಂದ್ರದಲ್ಲಿ 2006ರಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಶುರುವಾಯಿತು, ಅಲ್ಲೂ ಕಜಕಸ್ತಾನದಿಂದ ಬಂದ ವಾದಕರು ಬೇಕಾದಷ್ಟು. ನಮ್ಮಲ್ಲಿ ಚಿಕ್ಕಂದಿನಿಂದ ಕಲಿತವರು ಅಷ್ಟು ಕಡಿಮೆ. ಇದನ್ನು ಬೇಜಾರಿನ ಸಂಗತಿ ಅನ್ನಬಹುದು, ಕಲಿತವರಿಗೆ ಜಾಗ ಇದೆ ಅಂತಲೂ ಅನ್ನಬಹುದು. ನನ್ನ ಮನೆ ನಡೆಯುವುದು ಪಾಠದಿಂದ. ಹದಿನಾಲ್ಕು ಮಕ್ಕಳು ವಯೊಲಿನ್‌ಗೆ, ಇಬ್ಬರು ಚೆಲ್ಲೋಗೆ.

ಮತ್ತೆ, ಹೊರುವುದು ಇದೆ. ಯಾರೂ ಮುಂಚೆ ಹೇಳಲ್ಲ ಇದನ್ನು. ಮುಂಬೈನಿಂದ ಊರಿಗೆ ಬರುವಾಗ ಉದ್ಯಾನ್ ಎಕ್ಸ್‌ಪ್ರೆಸ್‌ನ ನನ್ನ ಬರ್ತಿನ ಮೇಲೆ ಚೆಲ್ಲೋ ಮಲಗುತ್ತಿತ್ತು, ನಾನು ಅದರ ಕಾಲಿನ ಹತ್ತಿರ ಮುದುರಿಕೊಂಡು ಸೊಲ್ಲಾಪುರ ಬರುವವರೆಗೆ ಎಚ್ಚರ. 'ಒಳಗೆ ಏನದ?' ಅಂತ ಕೇಳದ ಟಿಟಿಇ ಇಲ್ಲ. ವಿಮಾನದಲ್ಲಾದರೆ ಅದಕ್ಕೆ ಇನ್ನೊಂದು ಸೀಟಿನ ಟಿಕೆಟ್ ತೆಗೆಯಬೇಕು. ಊಟ ಕೊಡುವುದು ಒಂದೇ ಸೀಟಿಗೆ! ದೊಡ್ಡವರೂ ಮರೆಯುತ್ತಾರೆ. ಇವತ್ತಿನ ಹೆಸರಾಂತ ಚೆಲ್ಲೋ ವಾದಕ ಯೋ-ಯೋ ಮಾ 1999ರಲ್ಲಿ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿಯ ಡಿಕ್ಕಿಯಲ್ಲೇ ಚೆಲ್ಲೋ ಬಿಟ್ಟು ಇಳಿದುಬಿಟ್ಟಿದ್ದ. 1733ರಲ್ಲಿ ಮಾಡಿದ ವಾದ್ಯ, ಬೆಲೆ ಇಪ್ಪತ್ತೈದು ಲಕ್ಷ ಡಾಲರ್. ಪೊಲೀಸರು ಅವತ್ತೇ ಹುಡುಕಿ ಕೊಟ್ಟರು.

ಇಷ್ಟೆಲ್ಲ ಓದಿದ ಮೇಲೂ ಕಲಿಯಬೇಕು ಅನ್ನಿಸಿದರೆ ಡಿಗ್ರಿ ಮುಗಿಸು, ಜೊತೆಗೆ ಕಲಿ.

ನಮ್ಮ ರಾಗ ಇದರಲ್ಲಿ ಬರುತ್ತದಾ?
— ತಬಲಾ ವಾದಕರು, ಹುಮನಾಬಾದ್

ಭೇಷ್ ಬರುತ್ತದೆ. ಮೆಟ್ಟಿಲು ಇಲ್ಲದ ಹಲಗೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಎಷ್ಟು ಬೇಕಾದರೂ ಎಳೆಯಿರಿ. ಸಾರಂಗಿಯವರು ಉಗುರಿನ ಬುಡದಿಂದ ತಂತಿಗೆ ಒತ್ತುತ್ತಾರೆ, ಇಲ್ಲಿ ಬೆರಳಿನ ತುದಿ, ವ್ಯತ್ಯಾಸ ಅಷ್ಟೇ. ನ್ಯಾನ್ಸಿ ಲೆಶ್ ಅಮೆರಿಕದವರು, ಜಿಯಾ ಮೊಹಿಯುದ್ದೀನ್ ಡಾಗರ್ ಅವರಲ್ಲಿ ಕಲಿತು ಚೆಲ್ಲೋದಲ್ಲಿ ಧ್ರುಪದ್ ನುಡಿಸಿದರು. ಹಾಲೆಂಡಿನ ಸಾಸ್ಕಿಯಾ ರಾವ್ ಹರಿಪ್ರಸಾದ್ ಚೌರಾಸಿಯಾ ಅವರ ಶಿಷ್ಯೆ. ಅವರು ಚೆಲ್ಲೋವನ್ನೇ ಸ್ವಲ್ಪ ಗಿಡ್ಡ ಮಾಡಿಸಿ, ನುಡಿಸಲು ಐದು ತಂತಿ, ಕೆಳಗೆ ತರಬ್‌ಗೆ, ಅಂದರೆ ಮುಟ್ಟದೆಯೇ ತಾನಾಗಿ ಮಿಡಿಯುವುದಕ್ಕೆ, ಹತ್ತು ತಂತಿ ಹಾಕಿಸಿ, ನೆಲದ ಮೇಲೆ ಕೂತು ನುಡಿಸುತ್ತಾರೆ. ಮಾರವಾ ರಾಗ ನಾನೂ ಪ್ರಯತ್ನಿಸುತ್ತೇನೆ, ಬಾಗಿಲು ಹಾಕಿಕೊಂಡು.

ಜಾಕ್ವೆಲಿನ್ ದು ಪ್ರೇ ಅನ್ನುವ ಹುಡುಗಿಯ ಹಳೇ ವಿಡಿಯೋ ನೋಡಿದೆ. ಕಣ್ಣು ಕೀಳಲಾಗಲಿಲ್ಲ. ಆಕೆಗೆ ಏನಾಯಿತು?
— ನರ್ಸ್, ಸೇಡಂ

ನೀವು ನರ್ಸ್, ನಿಮಗೆ ಬೇಗ ಅರ್ಥವಾಗುತ್ತದೆ. 1945ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದಳು. ನಾಲ್ಕರ ವಯಸ್ಸಿಗೆ ರೇಡಿಯೋದಲ್ಲಿ ಚೆಲ್ಲೋ ಕೇಳಿ ಅಮ್ಮನಿಗೆ ಅದೇ ಬೇಕು ಅಂದಳು. ಇಪ್ಪತ್ತರಲ್ಲಿ, 1965ರಲ್ಲಿ, ಇಂಗ್ಲೆಂಡಿನವನೇ ಆದ ಎಲ್ಗರ್ ಚೆಲ್ಲೋ ಮತ್ತು ವಾದ್ಯವೃಂದಕ್ಕೆ ಬರೆದ ಕನ್ಸರ್ಟೋ ರೆಕಾರ್ಡ್ ಮಾಡಿದಳು. ಇವತ್ತಿಗೂ ಅದನ್ನು ಹೊಸದಾಗಿ ನುಡಿಸುವವರಿಗೆಲ್ಲ ಅವಳ ನೆರಳು ಬೀಳುತ್ತದೆ. ಆಮೇಲೆ ಬೆರಳಿಗೆ ತಂತಿ ಸರಿಯಾಗಿ ತಿಳಿಯುತ್ತಿಲ್ಲ, ಕಮಾನಿನ ತೂಕ ಗೊತ್ತಾಗುತ್ತಿಲ್ಲ ಅನ್ನತೊಡಗಿದಳು. 1973ರಲ್ಲಿ ಪತ್ತೆಯಾಯಿತು, ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ. ಆಗ ಅವಳಿಗೆ ಇಪ್ಪತ್ತೆಂಟು. 1987ರಲ್ಲಿ, ನಲವತ್ತೆರಡಕ್ಕೆ, ಹೋಗಿಬಿಟ್ಟಳು. ಅವಳು ನುಡಿಸುತ್ತಿದ್ದ 1712ರ ಸ್ಟ್ರಾಡಿವೇರಿ ಈಗ ಯೋ-ಯೋ ಮಾ ಹತ್ತಿರ ಇದೆ.

ಆ ವಿಡಿಯೋ ನಾನು ವರ್ಷಕ್ಕೊಮ್ಮೆ ಮಾತ್ರ ನೋಡುತ್ತೇನೆ.

ನನಗೆ ಅರವತ್ತೊಂದು. ಹೋದ ವರ್ಷ ರಿಟೈರ್ ಆದೆ. ಈಗ ಚೆಲ್ಲೋ ಶುರು ಮಾಡಿದರೆ ಜನ ನಗಲ್ವಾ? ಜನರ ಮುಂದೆ ಕೂರುವುದು ಅಂದರೆ ನನಗೆ ಮೊದಲಿನಿಂದಲೂ ನಡುಕ.
— ಕಲಬುರಗಿಯವರೇ

ನಡುಕದ ಮಾತು ಬಂತಲ್ಲ, ಕೇಳಿ. 1901ರಲ್ಲಿ ಕಸಾಲ್ಸ್ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಗೆಳೆಯರ ಜೊತೆ ಬೆಟ್ಟ ಹತ್ತಿದ್ದ. ಇಳಿಯುವಾಗ ಮೇಲಿಂದ ಕಲ್ಲು ಉರುಳಿ ಎಡಗೈ ಬೆರಳುಗಳ ಮೇಲೆ ಬಿತ್ತು. ಜಜ್ಜಿ ರಕ್ತ ಸುರಿಯುತ್ತಿದ್ದ ಕೈ ನೋಡಿಕೊಂಡಾಗ ಅವನಿಗೆ ಮೊದಲು ಅನ್ನಿಸಿದ್ದು, ಸದ್ಯ, ಇನ್ನು ಚೆಲ್ಲೋ ನುಡಿಸಬೇಕಾಗಿಲ್ಲವಲ್ಲ ಅಂತ! ಇದನ್ನು ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ವೇದಿಕೆಯ ಭಯ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಕೈ ವಾಸಿಯಾಯಿತು, ಮತ್ತೆ ಎಪ್ಪತ್ತು ವರ್ಷ ನುಡಿಸಿದ. ಅಷ್ಟು ದೊಡ್ಡವನಿಗೇ ಹಾಗಾದರೆ ನಿಮ್ಮದು ನನ್ನದು ಯಾವ ಲೆಕ್ಕ? ತೊಂಬತ್ತು ದಾಟಿದ ಮೇಲೂ ದಿನ ಬೆಳಗಾದರೆ ಮೊದಲು ಪಿಯಾನೋ ಮುಂದೆ ಕೂತು ಬಾಖ್‌ನ ಎರಡು ರಚನೆ ನುಡಿಸುತ್ತಿದ್ದ. ಚೆಲ್ಲೋ ಆಮೇಲೆ. ಪಿಯಾನೋ ಹತ್ತಿರ ಯಾವ ಜನ ಇದ್ದರು?

ಜನ ನಗುತ್ತಾರೆ ಅನ್ನುವುದು ನಿಜ. ಮೊದಲ ಮೂರು ತಿಂಗಳು ನಿಮ್ಮ ಕಮಾನಿನಿಂದ ಹಳೇ ಬಾಗಿಲಿನ ದನಿ ಬರುತ್ತದೆ. ಮನೆಯವರಿಗೆ ಮುಂಚೆಯೇ ಹೇಳಿಡಿ. ಮೊಣಕಾಲು ನೋವಿದ್ದರೂ ಪರವಾಗಿಲ್ಲ, ಕುರ್ಚಿಯ ವಾದ್ಯ ಇದು. ಕೈಬೆರಳಿನ ಗಂಟುಗಳಲ್ಲಿ ನೋವಿದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ. ವಾದ್ಯ ಕೊಳ್ಳಬೇಡಿ ಈಗಲೇ. ನನ್ನ ಹತ್ತಿರ ಇನ್ನೊಂದು ಇದೆ, ಬಿಳಿ ಅಂಟಿನ ಕಲೆ ಇರುವುದು.

ಪತ್ರಿಕೆಗೆ ಒಂದು ಸಾಲು ಬರೆದರೆ ವಿಳಾಸ ಕಳಿಸುತ್ತಾರೆ, ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಬನ್ನಿ. ಎಡಗೈ ಉಗುರು ಕತ್ತರಿಸಿಕೊಂಡು ಬನ್ನಿ. ಮನೆಯಲ್ಲಿ ಹಳೆಯ ಬೆಲ್ಟ್ ಇದ್ದರೆ ಅದನ್ನೂ ತನ್ನಿ.